ಮಳೆ ಬಿಟ್ಟ ಮೇಲಿನ ಕತ್ತರಿ

ಜೋರು ಮಳೆಯ ಆಟಿ ತಿಂಗಳು ಹುಟ್ಟಿ ನಾಲ್ಕನೆಯ ದಿನ. ಮಣ್ಣಗುಡ್ಡದ ಆ ಮನೆಯ ಗೇಟು ದೂಡಿ ಒಳಗೆ ಕಾಲಿಟ್ಟ ನೋಣಯ್ಯನಿಗೆ ಮನೆಯೊಡತಿ ಗುಣವತಿಯಕ್ಕ ಅಂಗಳದಲ್ಲಿಯೇ ಎದುರಾದರು. ಕೈಯಲ್ಲಿ ಕೊಡೆ ಇತ್ತು. ಆದರೆ ಕೊಡೆ ಒಂದು ಕಡೆ, ಅವರು ಒಂದು ಕಡೆ. ಎಡ ಭುಜವೆಲ್ಲ ನೆನೆದು ಸೀರೆ ಮೈಗೆ ಅಂಟಿತ್ತು. ಬೇರೆ ದಿನವಾದರೆ ಅವನು ಬಂದ ಕೂಡಲೇ ಒಂದು ಲೋಟ ಚಹಾ, ಆಮೇಲೆ ಕೆಲಸದ ಮಾತು. ಅಂದು ಚಹಾದ ಸುದ್ದಿಯೇ ಇಲ್ಲ.

“ನೋಣಯ್ಯ, ಇವತ್ತು ಬೇರೆ ಎಂತದೂ ಮಾಡ್ಬೇಡಿ. ಆ ಗಿಡ ತೆಗೀರಿ.”

“ಯಾವುದಕ್ಕ?”

ಅವರು ಬಾವಿಕಟ್ಟೆಯ ಆಚೆಗೆ ಬೆರಳು ತೋರಿಸಿದರು. ಅಲ್ಲಿ ಎದೆಯೆತ್ತರಕ್ಕೆ ಬೆಳೆದು ನಿಂತಿದ್ದ ಗಿಡವನ್ನು ಎಲ್ಲರೂ ಹೈಡ್ರೇಂಜಿಯ ಎನ್ನುತ್ತಾರೆ. ನೋಣಯ್ಯನ ನಾಲಗೆಗೆ ಆ ಹೆಸರು ಹೊರಳುವುದಿಲ್ಲ. ಅವನ ಬಾಯಲ್ಲಿ ಅದು ಮೊದಲಿಂದಲೂ ಉಂಡೆಹೂವಿನ ಗಿಡ. ಮಳೆಗೆ ಅದರ ಎಲೆಗಳು ಅಂಗೈಯಗಲ ಹರಡಿ ಹಸಿರು ಕಕ್ಕುತ್ತಿದ್ದವು. ಹೂವು ಮಾತ್ರ ಒಂದೂ ಇಲ್ಲ.

“ಚೈತಾಲಿಯಮ್ಮನ ಗಿಡವಾ?”

“ಹೌದು. ಬುಡದಿಂದ ತೆಗೀರಿ. ಒಂದು ಬೇರೂ ಉಳೀಬಾರ್ದು. ತೆಗೆದು ನೇತ್ರಾವತಿ ಹೊಳೆಗೆ ಬಿಟ್ಟು ಬನ್ನಿ. ಮದುವೆಗೆ ಮೊದಲು ಆಗ್ಬೇಕು.”

ಮದುವೆ ಎಂದರೆ ತೀರಿಹೋದ ಮಗಳು ಚೈತಾಲಿಯ ಮದುವೆ. ಮದುವೆಯಾಗದೆ ಕಣ್ಣು ಮುಚ್ಚಿದ ಹೆಣ್ಣಿಗೆ, ಹಾಗೆಯೇ ಹೋದ ಒಬ್ಬ ಹುಡುಗನನ್ನು ಹುಡುಕಿ, ಬರಿ, ಅಂದರೆ ಗೋತ್ರ, ನೋಡಿ, ಎರಡೂ ಮನೆಯವರು ಒಪ್ಪಿ, ಆಟಿಯಲ್ಲಿ ಮಾಡುವ ಮದುವೆ. ಮಣೆಯ ಮೇಲೆ ಸೀರೆ ಬಳೆ ಇಟ್ಟರೆ ಅದು ಹುಡುಗಿ. ಮುಂಡು ಶಾಲು ಇಟ್ಟರೆ ಅದು ಹುಡುಗ. ಊರಲ್ಲಿ ಎಷ್ಟೋ ಮನೆಗಳಲ್ಲಿ ನಡೆದದ್ದು, ಈಗಲೂ ನಡೆಯುವುದು. ಚೈತಾಲಿಗೆ ಉಳ್ಳಾಲದ ಒಂದು ಮನೆಯ ಹುಡುಗ ಸಿಕ್ಕಿದ್ದ. ಅಶ್ವಿತ್ ಎಂದು ಹೆಸರು. ಬೈಕಿನ ಅಪಘಾತದಲ್ಲಿ ಹೋದವನು. ಇನ್ನು ಹನ್ನೊಂದು ದಿನಕ್ಕೆ ಮುಹೂರ್ತ.

“ಮದುವೆಗೂ ಗಿಡಕ್ಕೂ ಎಂತಕ್ಕಾ?” ಎಂದ ನೋಣಯ್ಯ, ಮೆಲ್ಲಗೆ.

ಗುಣವತಿಯಕ್ಕ ಗಿಡದ ಕಡೆ ನೋಡಲಿಲ್ಲ. “ಅವಳಿದ್ದಾಗ ವರ್ಷ ವರ್ಷ ಹೂ ಬಿಟ್ಟ ಗಿಡ. ಅವಳು ಹೋಗಿ ಮೂರು ಮಳೆಗಾಲ ಆಯ್ತು, ಒಂದು ಮೊಗ್ಗು ಕಂಡಿದ್ದೀರಾ? ನೀವು ಗೊಬ್ಬರ ಹಾಕಿದ್ದು ಕಡಿಮೆಯಾ? ನೀರು ಕಡಿಮೆಯಾ? ನನ್ನ ಮೇಲೆ ಸಿಟ್ಟು ಅವಳಿಗೆ. ಆ ಸಿಟ್ಟು ಅದರಲ್ಲಿ ಕೂತಿದೆ. ಇಲ್ಲಿ ಸಿಟ್ಟು ಇಟ್ಟುಕೊಂಡು ಇನ್ನೊಂದು ಮನೆಗೆ ಹುಡುಗಿಯನ್ನು ಹೇಗೆ ಕಳಿಸುದು ಹೇಳಿ?”

ಯಾವ ಸಿಟ್ಟು ಎಂದು ನೋಣಯ್ಯನಿಗೆ ಗೊತ್ತಿತ್ತು. ಚೈತಾಲಿಗೆ ಸಾಲು ಸಾಲು ಸಂಬಂಧ ಬಂದಿದ್ದವು. ಒಂದು ಮನೆ ಚಿಕ್ಕದು, ಒಂದು ಹುಡುಗ ಕುಳ್ಳ, ಇನ್ನೊಂದು ಕಡೆ ಅತ್ತೆಯ ಬಾಯಿ ದೊಡ್ಡದು, ಹೀಗೆ ಗುಣವತಿಯಕ್ಕ ಒಂದೊಂದನ್ನೇ ಹಿಂದಕ್ಕೆ ಕಳಿಸಿದರು. ಕೊನೆಗೆ ದುಬೈಯಲ್ಲಿದ್ದ ಒಬ್ಬನನ್ನು ಹುಡುಗಿ ತಾನೇ ಮೆಚ್ಚಿದಳು. “ಇದಕ್ಕಿಂತ ಒಳ್ಳೆಯದು ಬರ್ತದೆ, ಸ್ವಲ್ಪ ತಡಿ” ಎಂದರು ತಾಯಿ. ಹುಡುಗಿ ಎದುರು ಮಾತಾಡಲಿಲ್ಲ. ನೀರಿನ ಪೈಪು ಹಿಡಿದುಕೊಂಡು ಬಾವಿಯ ಆಚೆಗೆ ಹೋದಳು. ಅದು ಬೇಸಗೆ. ಅದೇ ವರ್ಷ ಆಟಿ ಕಳೆದು ಸೋಣ ತಿಂಗಳಲ್ಲಿ ಡೆಂಗಿ ಜ್ವರ ಬಂದು ಆರನೆಯ ದಿನಕ್ಕೆ ಆಸ್ಪತ್ರೆಯಲ್ಲಿ ಹೋದಳು. ಇಪ್ಪತ್ತೇಳು ವರ್ಷ.

ನೋಣಯ್ಯ ಆಕಾಶ ನೋಡಿದ. “ಇಷ್ಟು ಮಳೆಗೆ ಅಲ್ಲಿ ಗುದ್ದಲಿ ಹಾಕಿದ್ರೆ ಬಾವಿಕಟ್ಟೆಯ ಮಣ್ಣು ಜರಿಯುತ್ತದೆ ಅಕ್ಕ. ಎರಡು ದಿನ ಬಿಡಿ.”

ಸುಳ್ಳಲ್ಲ, ಆ ಮಣ್ಣು ಜರಿಯುವಂಥದ್ದೇ. ಆದರೆ ಅವನ ಕೈ ಬಾರದ್ದು ಮಣ್ಣಿಗಾಗಿ ಅಲ್ಲ.

ನೋಣಯ್ಯ ಎರಡನೇ ಕ್ಲಾಸೂ ಮುಗಿಸಿದವನಲ್ಲ. ಬೋಳೂರಿನಿಂದ ನಡೆದು ಬಂದು ಮಣ್ಣಗುಡ್ಡದ ಐದಾರು ಮನೆಗಳ ಹೂತೋಟ ನೋಡಿಕೊಳ್ಳುವುದೇ ಅವನ ಬದುಕು. ಈ ಮನೆಗೆ ಬರತೊಡಗಿ ಮೂವತ್ತೊಂದು ವರ್ಷ. ಯಾವ ಗಿಡ ಯಾವ ವರ್ಷ ನೆಟ್ಟದ್ದು, ಯಾರ ಕೈಯಿಂದ ಬಂದದ್ದು, ಎಲ್ಲ ಅವನ ತಲೆಯಲ್ಲಿದೆ. ಬರೆದಿಡುವ ಅಭ್ಯಾಸವಿಲ್ಲದವನಿಗೆ ಮರೆಯುವ ಅಭ್ಯಾಸವೂ ಕಡಿಮೆ. ಆ ಉಂಡೆಹೂವಿನ ಗಿಡ ಬಂದದ್ದು ಹತ್ತು ವರ್ಷದ ಹಿಂದೆ. ಚೈತಾಲಿ ಆಗ ಕಾಲೇಜು. ಗುಲಾಬಿ ಗಿಡ ತಾ ಎಂದು ತಾಯಿ ನರ್ಸರಿಗೆ ಕಳಿಸಿದರೆ, ರಿಕ್ಷಾದಲ್ಲಿ ಈ ಗಿಡವನ್ನು ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದಳು. ಗುಲಾಬಿ ಬಣ್ಣದ ಮೂರು ಉಂಡೆ ಅದರಲ್ಲಿ.

“ಇದು ಮಡಿಕೇರಿ ಕಡೆಯ ಚಳಿಯ ಗಿಡ ಚೈತಾಲಿಯಮ್ಮ,” ಎಂದಿದ್ದ ಅವನು. “ನಮ್ಮ ಸೆಖೆಗೆ ಇದು ಬದುಕಿದ್ರೆ ನನ್ನ ಹೆಸರು ಬದಲಾಯಿಸಿ.”

“ಎಂತ ಹೆಸರು ಬೇಕಂತ ಈಗಲೇ ಆಲೋಚನೆ ಮಾಡಿಡಿ ಅಜ್ಜ. ಆಮೇಲೆ ನಾನು ಇಟ್ಟದ್ದು ಒಗ್ಗದಿದ್ರೆ ನನ್ನನ್ನು ಬೈಬೇಡಿ.”

ಜಾಗ ಆರಿಸಿದ್ದು ಅವಳೇ. ಬಾವಿಯ ಮೂಡಣ ಬದಿ. ಹತ್ತು ಗಂಟೆಯವರೆಗೆ ಎಳೆಬಿಸಿಲು, ಆಮೇಲೆ ಹಲಸಿನ ಮರದ ನೆರಳು. ಬುಡಕ್ಕೆ ತೆಂಗಿನ ನಾರಿನ ಪುಡಿ, ಮೇಲಿಂದ ಹಲಸಿನ ಒಣ ಎಲೆ. ಮೊದಲ ಬೇಸಗೆಯಲ್ಲಿ ದಿನಾ ಮಧ್ಯಾಹ್ನ ಎಲೆಗಳು ಸೋತು ಜೋತು ಬೀಳುತ್ತಿದ್ದವು. ಸತ್ತೇ ಹೋಯಿತೆಂದು ನೋಣಯ್ಯ ತಲೆಯಾಡಿಸಿದರೆ ಸಂಜೆಗೆ ಎದ್ದು ನಿಂತಿರುತ್ತಿತ್ತು. ಮರುವರ್ಷ ಮಳೆ ಹಿಡಿಯುವ ಹೊತ್ತಿಗೆ ಹೂವು ಬಂತು. ಬಂದದ್ದು ಗುಲಾಬಿಯಲ್ಲ, ನೀಲಿ.

“ಆ ನರ್ಸರಿಯವ ನಮಗೆ ಟೋಪಿ ಹಾಕಿದ!” ಎಂದು ಗುಣವತಿಯಕ್ಕ ಜಗಳಕ್ಕೆ ಹೊರಟೇ ಬಿಟ್ಟಿದ್ದರು. ಚೈತಾಲಿ ನಕ್ಕು ನಕ್ಕು ತಡೆದಳು. “ಅವನದ್ದು ಎಂತ ತಪ್ಪಿಲ್ಲಮ್ಮ. ನಮ್ಮ ಕೆಂಪು ಮಣ್ಣಿನಲ್ಲಿ ಹುಳಿ ಉಂಟು, ಅದಕ್ಕೆ ನೀಲಿ. ಸುಣ್ಣ ಹಾಕಿದ್ರೆ ಪುನಃ ಗುಲಾಬಿ ಆಗ್ತದೆ.” ನೋಣಯ್ಯನಿಗೆ ನಂಬಿಕೆ ಬರಲಿಲ್ಲ. ಯಾರಿಗೂ ಹೇಳದೆ ಗಿಡದ ಒಂದು ಬದಿಗೆ ಎರಡು ಮುಷ್ಟಿ ಚಿಪ್ಪಿನ ಸುಣ್ಣ ಹಾಕಿ ನೋಡಿದ. ಮುಂದಿನ ವರ್ಷ ಆ ಬದಿಯ ಉಂಡೆಗಳು ನೇರಳೆಗೆ ತಿರುಗಿ, ಅಂಚಿನಲ್ಲಿ ನಸುಗೆಂಪಾಗಿದ್ದವು.

ಅಂಥ ಗಿಡವನ್ನು ಕಿತ್ತು ಹೊಳೆಗೆ ಬಿಡಬೇಕು. ಆ ದಿನ ಅವನು ಹುಲ್ಲು ಕಿತ್ತು, ಚರಂಡಿ ಬಿಡಿಸಿ, ಗಿಡದ ಹತ್ತಿರ ಹೋಗದೆ ಮನೆಗೆ ಮರಳಿದ.

ಮರುದಿನ ಬೆಳಗ್ಗೆ ಫಳ್ನೀರಿನಿಂದ ಆಂಡ್ರಿಯಾ ಬಾಯಿಯ ಫೋನು. ಚೈತಾಲಿಗೆ ಶಾಲೆಯಲ್ಲಿ ಕಲಿಸಿದ ಟೀಚರು, ಈಗ ನಿವೃತ್ತಿಯಾಗಿ ನಾಲ್ಕನೆಯ ಮಾಳಿಗೆಯ ಫ್ಲ್ಯಾಟಿನಲ್ಲಿ ಇರುವವರು. “ನೋಣಯ್ಯ ಮಾರಾಯ್ರೆ, ನನ್ನ ಹೂವಿನ ಚಟ್ಟಿಗಳಲ್ಲಿ ಎಲ್ಲಾ ನೀರು ನಿಂತು ಕಪ್ಪೆ ಹುಟ್ಟುವ ಹಾಗೆ ಆಗಿದೆ. ಒಮ್ಮೆ ಬಂದು ನೋಡಿ ಅಲ್ಲಾ.” ನಾಲ್ಕೈದು ವರ್ಷಕ್ಕೊಮ್ಮೆ ಹೀಗೆ ಕರೆದರೆ ಅವನು ಹೋಗುವುದು.

ಬಾಲ್ಕನಿಯ ಬಾಗಿಲು ತೆಗೆದವನು ಅಲ್ಲೇ ನಿಂತ.

ಮೂಲೆಯ ಮಣ್ಣಿನ ಚಟ್ಟಿಯಲ್ಲಿ ಎರಡು ಉಂಡೆಹೂ. ಒಂದೊಂದೂ ತೆಂಗಿನಕಾಯಿ ಗಾತ್ರ. ತಿಳಿನೀಲಿ. ಮಳೆಯ ಎರಚಲಿಗೆ ತಲೆ ಭಾರವಾಗಿ ಬಾಲ್ಕನಿಯ ಕಬ್ಬಿಣಕ್ಕೆ ಒರಗಿಕೊಂಡಿದ್ದವು.

“ಬಾಯಮ್ಮ, ಈ ಗಿಡ...”

“ಹೌದು, ಅದೇ. ಚೈತಾಲಿ ಕೊಟ್ಟದ್ದು. ಆ ಕೊನೆಯ ಆಟಿಯಲ್ಲಿ ಒಂದು ಕೊಂಬು ನೆಟ್ಟು ಚಟ್ಟಿ ಸಮೇತ ತಂದು ಇಟ್ಟು ಹೋದಳು. ಆಮೇಲೆ ಒಂದು ತಿಂಗಳಿಗೆ ಅವಳೇ ಇಲ್ಲ.” ಆಂಡ್ರಿಯಾ ಬಾಯಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಎರಡು ವರ್ಷ ಬರೀ ಎಲೆ. ಈ ಸಲ ನೋಡಿ. ಹೂ ಬಿಟ್ಟಾಗಿನಿಂದ ಗುಣವತಿಗೆ ಫೋನ್ ಮಾಡ್ಬೇಕು ಅಂತ ಕೈಗೆತ್ತಿಕೊಳ್ಳುದು, ಇಡುದು. ಹೇಗೆ ಹೇಳುದು? ನಿನ್ನ ಮಗಳ ಗಿಡ ನಿನ್ನ ಮನೆಯಲ್ಲಿ ಅಲ್ಲ, ನನ್ನ ಮನೆಯಲ್ಲಿ ಹೂ ಬಿಟ್ಟಿತು ಅಂತಲಾ?”

“ಎಂತ ಗೊಬ್ಬರ ಹಾಕಿದ್ರಿ?”

“ಎಂತದೂ ಇಲ್ಲ ಮಾರಾಯ್ರೆ. ಚಹಾದ ಚರಟ, ನೀರು. ಅಷ್ಟೇ.”

“ಕತ್ತರಿ?”

“ಅಯ್ಯೋ ದೇವರೇ, ಬೇಡ! ಅದೊಂದು ಅವಳು ಗಟ್ಟಿ ಹೇಳಿ ಹೋಗಿದ್ದಾಳೆ. ‘ಟೀಚರ್, ಇದರ ಹೂ ಹೋದ ವರ್ಷದ ಕೊಂಬಿನ ತುದಿಯಲ್ಲಿ ಬರುದು. ಮಳೆ ಬಿಡುವಾಗಲೇ ತುದಿಯಲ್ಲಿ ಮೊಗ್ಗು ಕೂತಿರ್ತದೆ, ಹೊರಗೆ ಕಾಣುದಿಲ್ಲ. ಹೂ ಬಾಡಿದ ಕೂಡ್ಲೇ ಬೇಕಾದ್ರೆ ಸ್ವಲ್ಪ ತೆಗೀರಿ, ಮಳೆ ಬಿಟ್ಟ ಮೇಲೆ ಕತ್ತರಿ ಮುಟ್ಟಿಸಿದ್ರೆ ಮುಂದಿನ ವರ್ಷದ ಹೂ ಮುಗೀತು.’ ನಾನು ಅವಳಿಗೆ ಪಾಠ ಹೇಳಿದವಳು, ಅವಳು ನನಗೆ ಹೇಳಿ ಹೋದಳು. ಎಂತ ನೋಣಯ್ಯ, ನಿಮಗೆ ಹೇಳಿರ್ಲಿಲ್ವಾ?”

ನೋಣಯ್ಯ ಬಾಲ್ಕನಿಯ ಒದ್ದೆ ನೆಲದಲ್ಲಿ ಕೂತುಬಿಟ್ಟ.

ಹೇಳಿದ್ದಳು. ಹೇಳದೆ ಏನು? ದೀಪಾವಳಿಗೆ ಅಂಗಳದಲ್ಲಿ ಹಾಲೆಮರದ ಕಂಬ ನೆಟ್ಟು ಬಲೀಂದ್ರನನ್ನು ಕೂಗಿ ಕರೆಯುವ ಮನೆ ಅದು. ಬಲೀಂದ್ರ ಬರುವ ಅಂಗಳ ಅಚ್ಚುಕಟ್ಟಾಗಿರಬೇಕು. ಅದಕ್ಕೆ ಒಂದು ವಾರ ಮೊದಲು ಮಳೆಗೆ ಕೊಬ್ಬಿದ ದಾಸವಾಳ, ಕ್ರೋಟನ್, ಗುಲಾಬಿ, ಎಲ್ಲದಕ್ಕೂ ನೋಣಯ್ಯನ ಕತ್ತರಿ ಬೀಳಬೇಕು. ಪ್ರತಿ ವರ್ಷ ಅವನು ಬಾವಿಯ ಹತ್ತಿರ ಬರುವಾಗ ಹುಡುಗಿ ಎರಡು ಕೈ ಅಗಲಿಸಿ ಗಿಡಕ್ಕೆ ಅಡ್ಡ ನಿಲ್ಲುವಳು. “ಅಜ್ಜ, ಇದೊಂದನ್ನು ಬಿಟ್ಟುಬಿಡಿ.” ಯಾಕೆಂದೂ ಹೇಳಿದ್ದಳು. ಅವನು ನಕ್ಕಿದ್ದ. “ಪುಸ್ತಕದಲ್ಲಿ ಉಂಟಾ? ಐವತ್ತು ವರ್ಷದಿಂದ ಕತ್ತರಿ ಹಿಡಿದವ ನಾನು. ಕತ್ತರಿ ಬಿದ್ದಷ್ಟೂ ಹೂ ಜಾಸ್ತಿ.” ಬಿಟ್ಟದ್ದು ಅವಳ ಮಾತಿಗೆ ಬೆಲೆ ಕೊಟ್ಟಲ್ಲ, ಮನೆಯ ಮಗಳು, ಮುದ್ದಿನ ಹಟ, ಹೋಗಲಿ ಎಂದು. ಸುಣ್ಣದ ವಿಷಯದಲ್ಲಿ ಅವಳ ಮಾತು ಸರಿಯೆಂದು ಕಣ್ಣಾರೆ ಕಂಡವನು, ಇದನ್ನು ಯಾಕೆ ಕಿವಿಗೆ ಹಾಕಿಕೊಳ್ಳಲಿಲ್ಲ?

ಅವಳು ಹೋದ ವರ್ಷದ ದೀಪಾವಳಿಗೆ ಅಡ್ಡ ನಿಲ್ಲುವವರು ಯಾರೂ ಇರಲಿಲ್ಲ. ಹುಡುಗಿಯ ಗಿಡ, ಎಲ್ಲದಕ್ಕಿಂತ ಚಂದ ಇರಬೇಕೆಂದು ನೋಣಯ್ಯ ಅದಕ್ಕೆ ಅರ್ಧ ದಿನ ಕೊಟ್ಟಿದ್ದ. ಮಡಕೆ ಕವುಚಿ ಹಾಕಿದ ಹಾಗೆ ದುಂಡಗೆ. ಗುಣವತಿಯಕ್ಕ ನೋಡಿ ಕಣ್ಣೊರೆಸಿಕೊಂಡು, “ಅವಳಿದ್ದಿದ್ರೆ ಸಂತೋಷ ಪಡ್ತಿದ್ಲು” ಎಂದಿದ್ದರು. ಮರುವರ್ಷವೂ ಹಾಗೆಯೇ. ಅದರ ಮರುವರ್ಷವೂ. ಕತ್ತರಿಸಿ ಬಿದ್ದ ತುದಿಗಳು ಈಗ ಅವನ ಕಣ್ಣ ಮುಂದೆ ಬಂದವು. ಉಳಿದ ಗಿಡಗಳ ಚಿಗುರಿನಂತೆ ಚೂಪಾಗಿರಲಿಲ್ಲ, ಹೊಟ್ಟೆ ಉಬ್ಬಿದ ತುದಿಗಳು. ಅಂಗೈಯಲ್ಲಿ ತೆಗೆದು ನೋಡಿಯೂ ಇದ್ದ. ಬುಟ್ಟಿ ತುಂಬಿಸಿ ತೆಂಗಿನ ಬುಡಕ್ಕೆ ಸುರಿದಿದ್ದ. ಮೂರು ವರ್ಷ, ಮೂರು ಬುಟ್ಟಿ.

“ಏಳಿ ನೋಣಯ್ಯ, ನೆಲ ಒದ್ದೆ ಉಂಟು,” ಎಂದರು ಆಂಡ್ರಿಯಾ ಬಾಯಿ. “ತಲೆ ತಿರುಗಿತಾ? ಕಾಫಿ ಕೊಡ್ಲಾ?”

“ಬೇಡ ಬಾಯಮ್ಮ. ಚಟ್ಟಿಯ ನೀರು ಬಿಡಿಸ್ತೇನೆ,” ಎಂದು ಅವನು ಎದ್ದ.

ಸಂಜೆ ಮನೆಯಲ್ಲಿ ಹೆಂಡತಿ ಬಾಗಿ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ನಲವತ್ತೈದು ವರ್ಷ ಅವನ ಜೊತೆ ಬಾಳಿದವಳು. ಗಂಡ ಬಾಯಿ ಬಿಡದಿದ್ದರೂ ಮುಖ ಓದಬಲ್ಲಳು. ಅವನು ಹೇಳಿದ್ದನ್ನೆಲ್ಲ ಕೈ ನಿಲ್ಲಿಸದೆ ಕೇಳಿಸಿಕೊಂಡಳು.

“ಹುಡುಗಿ ಅಷ್ಟು ಬಿಡಿಸಿ ಹೇಳಿದ್ದಾಳೆ. ನಿಮಗೆ ನಿಮ್ಮ ಕತ್ತರಿಯೇ ದೊಡ್ಡದು. ನಾನು ಹೇಳಿದ್ರೂ ಹೀಗೇ ಅಲ್ವಾ, ಈ ಕಿವಿಯಲ್ಲಿ ಹೊಕ್ಕಿ ಆ ಕಿವಿಯಲ್ಲಿ ಹೊರಗೆ.”

“ನಾಳೆ ಅಕ್ಕನಿಗೆ ಹೇಳ್ತೇನೆ.”

ಆಗ ಬಾಗಿಯ ಕೈ ನಿಂತಿತು. “ಎಂತ ಹೇಳ್ತೀರಿ? ಮದುವೆಗೆ ಹತ್ತು ದಿನ ಇರುವಾಗ? ಮಗಳ ಸಿಟ್ಟು ಇಳೀಲಿ ಅಂತ ಆ ತಾಯಿ ಮದುವೆ ಮಾಡ್ತಾ ಇರುದು. ಸಿಟ್ಟೇ ಇಲ್ಲ, ಎಲ್ಲ ನನ್ನ ಕತ್ತರಿ ಅಂತ ನೀವು ಹೇಳಿದ್ರೆ, ಅವರು ಮದುವೆ ನಿಲ್ಲಿಸಿದ್ರೆ? ಉಳ್ಳಾಲದಲ್ಲಿ ಇನ್ನೊಬ್ಬ ತಾಯಿ ಕಾದು ಕೂತಿದ್ದಾಳೆ. ಆ ಪಾಪ ಯಾರ ತಲೆಗೆ? ಸುಮ್ಮನೆ ಗಿಡ ತೆಗೆದು ಹೊಳೆಗೆ ಬಿಟ್ಟು ಬನ್ನಿ. ಗಿಡ ಹೋಯ್ತು, ಸಿಟ್ಟೂ ಹೋಯ್ತು ಅಂತ ಅವರು ಸಮಾಧಾನದಲ್ಲಿರ್ಲಿ.”

ಬಾಗಿ ಹೇಳಿದ್ದು ತಪ್ಪೆಂದು ಅವನಿಗೆ ಅನಿಸಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಗಿಡ ಹೋದರೂ ಗುಣವತಿಯಕ್ಕ ತಾನು ಕಾಯಿಸಿದ್ದಕ್ಕೆ ಮಗಳು ಮುನಿದಳೆಂದೇ ನಂಬಿಕೊಂಡು ಉಳಿದ ದಿನ ಕಳೆಯಬೇಕು. ಮಗಳು ತಾಯಿಯ ಮೇಲೆ ಮುನಿದವಳೆಂಬ ಹೆಸರು ಹೊತ್ತುಕೊಂಡೇ ಇನ್ನೊಂದು ಮನೆಗೆ ಹೋಗಬೇಕು. ಅದೆಲ್ಲ ಅವನ ಕೈಯ ಕೆಲಸಕ್ಕೆ.

“ಹೇಳದೆ ಗುದ್ದಲಿ ಹಿಡಿಯಲಿಕ್ಕೆ ನನ್ನಿಂದ ಆಗುದಿಲ್ಲ ಬಾಗಿ,” ಎಂದ.

ಅವಳು ಬೀಡಿಗೆ ನೂಲು ಸುತ್ತುತ್ತಾ, “ಹಾಗಾದ್ರೆ ಉಂಡು ಹೋಗಿ. ಖಾಲಿ ಹೊಟ್ಟೆಯಲ್ಲಿ ಇಂಥ ಮಾತು ಹೇಳ್ಬಾರ್ದು,” ಎಂದಳು.

ಮರುದಿನ ಮಳೆ ಸ್ವಲ್ಪ ಬಿಟ್ಟು ಹೊಳವಾಗಿತ್ತು. ಗುಣವತಿಯಕ್ಕ ಜಗಲಿಯಲ್ಲಿ ಕೂತು ಮದುವೆಗೆ ತಂದ ಸೀರೆಯನ್ನು ಮಡಚುತ್ತಿದ್ದರು. ಹಸಿರು ಸೀರೆ, ಅಂಚಿಗೆ ಕೆಂಪು. ಪಕ್ಕದಲ್ಲಿ ಒಂದು ಡಜನ್ ಬಳೆ, ಕುಂಕುಮದ ಕರಡಿಗೆ. ನೋಣಯ್ಯ ಮೆಟ್ಟಿಲ ಕೆಳಗೆ ನಿಂತು ತಲೆಯ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

“ಗುದ್ದಲಿ ತಂದಿರಾ?”

“ತರ್ಲಿಲ್ಲ ಅಕ್ಕ. ಒಂದು ಮಾತು ಉಂಟು. ಪೂರ್ತಿ ಕೇಳ್ಬೇಕು, ನಡುವಿನಲ್ಲಿ ನನ್ನನ್ನು ನಿಲ್ಲಿಸಿದ್ರೆ ಪುನಃ ಹೇಳ್ಲಿಕ್ಕೆ ನನಗೆ ಧೈರ್ಯ ಬರ್ಲಿಕ್ಕಿಲ್ಲ.”

ಹೇಳಿದ. ಫಳ್ನೀರಿನ ಎರಡು ಉಂಡೆಹೂ, ಟೀಚರಿಗೆ ಹುಡುಗಿ ಹೇಳಿ ಹೋದ ಮಾತು, ಅದೇ ಮಾತನ್ನು ತನಗೂ ಹೇಳಿದ್ದು, ತಾನು ನಕ್ಕದ್ದು, ಮೂರು ದೀಪಾವಳಿ, ಮೂರು ಬುಟ್ಟಿ. ಏನನ್ನೂ ಕಡಿಮೆ ಮಾಡಲಿಲ್ಲ, ಏನನ್ನೂ ಸೇರಿಸಲಿಲ್ಲ. “ಅವಳಿಗೆ ಸಿಟ್ಟಿಲ್ಲ ಅಕ್ಕ. ಸಿಟ್ಟು ಅಂತ ನೀವು ತಿಳಿದದ್ದೆಲ್ಲ ನನ್ನ ಕತ್ತರಿ,” ಎಂದು ಮುಗಿಸಿದ.

ತಾಯಿಯ ಮುಖ ಹಗುರಾಗುತ್ತದೆ ಎಂದು ಅವನು ಎಣಿಸಿದ್ದ. ಇಲ್ಲವೇ ಬೈಯುತ್ತಾರೆ ಎಂದು. ಎರಡೂ ಆಗಲಿಲ್ಲ. ಗುಣವತಿಯಕ್ಕ ಸೀರೆಯ ಮಡಿಕೆಯ ಮೇಲೆ ಅಂಗೈಯಿಟ್ಟರು.

“ಹಾಗಾದ್ರೆ ಅದು ಬರೀ ಗಿಡ,” ಎಂದರು.

ಆಮೇಲೆ ಬಾವಿಯ ಆಚೆಗೆ ನೋಡಿದರು.

“ಮೂರು ವರ್ಷ ದಿನಾ ಬೆಳಗ್ಗೆ ನಾನು ಅದರ ಹತ್ತಿರ ಹೋಗಿ ನಿಲ್ತಿದ್ದೆ ನೋಣಯ್ಯ. ನೀವು ನೋಡಿದ್ದೀರಿ. ತಪ್ಪಾಯ್ತು ಮಗಾ, ನಾನು ಕಾಯಿಸಬಾರ್ದಿತ್ತು ಅಂತ ಹೇಳ್ತಿದ್ದೆ. ಹೂ ಬರ್ತಿರ್ಲಿಲ್ಲ. ಬಾರದಿದ್ರೂ ಪರವಾಗಿಲ್ಲ, ಸಿಟ್ಟು ಮಾಡ್ಲಿಕ್ಕಾದ್ರೂ ಅವಳು ಇದ್ದಾಳಲ್ಲ, ನಾನು ಹೇಳಿದ್ದು ಕೇಳ್ತಾಳಲ್ಲ ಅಂತ ನನಗೆ... ಈಗ ನೀವು ಬಂದು ಹೇಳ್ತೀರಿ, ಅಲ್ಲಿ ಯಾರೂ ಇರ್ಲಿಲ್ಲ ಅಂತ.”

“ಅಕ್ಕ, ನಾನು...”

“ಹೋಗಿ. ಇವತ್ತು ಹೋಗಿ.”

ಆ ಮನೆಯಲ್ಲಿ ಮೂವತ್ತೊಂದು ವರ್ಷದಲ್ಲಿ ಅವನಿಗೆ ‘ಹೋಗಿ’ ಎಂದವರಿಲ್ಲ. ಗೇಟಿನವರೆಗೆ ಬಂದು, ಮುಂಡಾಸನ್ನು ತಲೆಗೆ ಸುತ್ತುವುದನ್ನು ಮರೆತು, ಪುನಃ ಹಿಡಿದ ಮಳೆಯಲ್ಲಿ ಹಾಗೆಯೇ ಬೋಳೂರಿಗೆ ನಡೆದ.

ಎರಡು ದಿನ ಕರೆ ಬರಲಿಲ್ಲ. ಬಾಗಿ ಏನೂ ಕೇಳಲಿಲ್ಲ; ಕೇಳದೆ ಇದ್ದದ್ದೇ ಅವನಿಗೆ ದೊಡ್ಡ ಬೈಗುಳವಾಯಿತು. ಮೂರನೆಯ ದಿನ ತಮ್ಮ ಹೋಟೆಲಿಗೆ ಹೊರಟಿದ್ದ ಚಿತ್ತರಂಜನ ದಣಿಗಳು, ಗುಣವತಿಯಕ್ಕನ ಗಂಡ, ದಾರಿಯಲ್ಲಿ ಕಾರು ನಿಲ್ಲಿಸಿ ಗಾಜು ಇಳಿಸಿದರು.

“ಎಂತ ಹೇಳಿದ್ರಿ ಮಾರಾಯ ನೀವು ಅವಳಿಗೆ? ಎರಡು ದಿನ ಊಟ ಇಲ್ಲ, ಮಾತಿಲ್ಲ. ಹುಡುಗನ ಮನೆಯಿಂದ ಫೋನ್ ಬಂದ್ರೆ ತೆಗೀಲಿಲ್ಲ. ಇವತ್ತು ಬೆಳಗ್ಗೆ ಎದ್ದವಳೇ ಫಳ್ನೀರಿಗೆ ಹೋಗ್ಬೇಕು ಅಂದಳು, ಬಿಟ್ಟು ಬಂದೆ. ಆ ಟೀಚರಮ್ಮನ ಮನೆಯಲ್ಲಿ ಎಂತ ಉಂಟು?”

“ಒಂದು ಗಿಡ ಉಂಟು ದಣಿ.”

“ಗಿಡ!” ಎಂದರು ದಣಿಗಳು. ಬೈಯುವವರಂತೆ ಬಾಯಿ ತೆರೆದು, ಬೈಯದೆ ಸ್ಟಿಯರಿಂಗಿನ ಮೇಲೆ ಕೈಯಿಟ್ಟರು. “ನಾಲ್ಕು ಗಂಟೆಗೆ ನಿಮ್ಮನ್ನು ಬರ್ಲಿಕ್ಕೆ ಹೇಳಿದ್ದಾಳೆ.”

ನಾಲ್ಕು ಗಂಟೆಗೆ ಅವನು ಹೋದಾಗ ಗುಣವತಿಯಕ್ಕ ಗಿಡದ ಮುಂದೆಯೇ ಇದ್ದರು. ಕಣ್ಣು ಊದಿತ್ತು. ಆದರೆ ಧ್ವನಿ ಮನೆ ನಡೆಸುವವರ ಧ್ವನಿ.

“ಕೂತುಕೊಂಡು ನೋಡಿ ಬಂದೆ. ಎರಡು ಗಂಟೆ ಕೂತೆ. ಆಂಡ್ರಿಯಾ ಟೀಚರ್ ಮಾತಾಡ್ಲಿಲ್ಲ, ಒಳಗೆ ಹೋಗಿ ಮೀನು ಕುಯ್ದುಕೊಂಡಿದ್ರು. ಒಳ್ಳೆ ಹೆಂಗಸು.” ಆಮೇಲೆ ಕೇಳಿದರು, “ನಾನು ಮದುವೆ ನಿಲ್ಲಿಸ್ತೇನೆ ಅಂತ ನಿಮಗೆ ಹೆದರಿಕೆ ಆಯ್ತಾ?”

“ಬಾಗಿಗೆ ಆಯ್ತು.”

“ನಿಲ್ಲಿಸುದಿಲ್ಲ. ಸಿಟ್ಟು ಇಳಿಸ್ಲಿಕ್ಕೆ ಅಂತ ಮಾಡ್ತಿದ್ದೆ. ಸಿಟ್ಟಿಲ್ಲದಿದ್ರೆ ಮಗಳಿಗೆ ಮದುವೆ ಮಾಡ್ಬಾರದು ಅಂತ ಉಂಟಾ? ಎಲ್ಲಾ ತಾಯಂದಿರು ಮಾಡುದು ಎಂತಕ್ಕೆ? ನ್ಯಾಯವಾಗಿ ನಾನು ಆಗಲೇ ಮಾಡಿ ಮುಗಿಸ್ಬೇಕಾದ ಕೆಲಸ.” ಅವರು ಕೈ ಚಾಚಿದರು. “ಕತ್ತರಿ ಕೊಡಿ.”

ನೋಣಯ್ಯನ ಕೈ ಹಿಂಜರಿಯಿತು.

“ಕೊಡಿ ಮಾರಾಯ್ರೆ. ಸವರ್ಲಿಕ್ಕೆ ಅಲ್ಲ. ಒಂದು ಕೊಂಬು ಕಳಿಸ್ಬೇಕು ಅವಳ ಜೊತೆ. ಅವಳ ಮನೆಯಲ್ಲಿ ಅವಳ ಗಿಡ ಇರ್ಲಿ. ಹೇಗೆ ಮಾಡುದು ಹೇಳಿ, ನಾನೇ ಮಾಡ್ತೇನೆ.”

ಹೇಳಿಕೊಟ್ಟ. ಆಟಿಯ ಮಳೆಗಿಂತ ಒಳ್ಳೆಯ ಹೊತ್ತು ಇದಕ್ಕೆ ಇಲ್ಲ, ಗಾಳಿಯೇ ನೀರು ಕುಡಿಸುತ್ತದೆ. ಈ ವರ್ಷ ಬಂದ ಕೊಂಬು ಬೇಕು, ಪೆನ್ಸಿಲಿನಷ್ಟು ದಪ್ಪ. ತೀರ ಎಳೆಯದು ಕೊಳೆಯುತ್ತದೆ, ಕಂದು ತಿರುಗಿದ್ದು ಬೇರು ಬಿಡಲು ಸತಾಯಿಸುತ್ತದೆ. ಒಂದು ಗೇಣು ಉದ್ದ. ಗಂಟಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಬೇಕು, ಬೇರು ಬರುವುದು ಗಂಟಿನಿಂದ. ಕೆಳಗಿನ ಎಲೆ ಪೂರ್ತಿ ತೆಗೆಯಬೇಕು. ಮೇಲಿನ ಎರಡು ಎಲೆ ಬಿಟ್ಟು, ಅವನ್ನೂ ಅರ್ಧಕ್ಕೆ ಕತ್ತರಿಸಬೇಕು. ಬೇರಿಲ್ಲದ ಕೊಂಬು ಇಡೀ ಎಲೆಗೆ ನೀರು ಕೊಡಲಾರದು.

ಗುಣವತಿಯಕ್ಕ ಕತ್ತರಿಸಿದ ಮೊದಲನೆಯ ಕೊಂಬು ಜಜ್ಜಿಹೋಯಿತು. “ಬಿಡಿ, ಇನ್ನೊಂದು,” ಎಂದ ನೋಣಯ್ಯ. ಎರಡನೆಯದು ಸರಿಯಾಯಿತು. ನಾಲ್ಕು ಕೊಂಬು ಮಾಡಿದರು. ಹೊಳೆಯ ಮರಳು, ಕೆಂಪು ಮಣ್ಣು, ನಾರಿನ ಪುಡಿ ಬೆರೆಸಿ ಒಂದು ಚಟ್ಟಿಗೆ ತುಂಬಿ, ಬೆರಳಿನಿಂದ ತೂತು ಮಾಡಿ, ನಾಲ್ಕನ್ನೂ ಊರಿ, ಮಣ್ಣು ಒತ್ತಿದರು. ಅವರ ಉಗುರಿನಲ್ಲಿ ಮಣ್ಣು ಸಿಕ್ಕಿಕೊಂಡದ್ದನ್ನು ನೋಣಯ್ಯ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಕಂಡ.

“ಮೂರು ವರ್ಷ ನನ್ನ ಮಗಳ ಹೂ ತೆಂಗಿನ ಬುಡಕ್ಕೆ ಹಾಕಿದ್ರಿ,” ಎಂದರು ಅವರು, ತಲೆಯೆತ್ತದೆ. “ಅದು ನನಗೆ ಮರೀಲಿಕ್ಕೆ ಆಗುದಿಲ್ಲ.”

“ಮರೀಬೇಡಿ ಅಕ್ಕ. ನನಗೂ ಆಗುದಿಲ್ಲ.”

“ನೀವು ಬಂದು ಹೇಳಿದ್ದನ್ನೂ ಮರೀಲಿಕ್ಕೆ ಆಗುದಿಲ್ಲ,” ಎಂದು ಅವರು ಎದ್ದು ಬಾವಿಯ ನೀರಿನಲ್ಲಿ ಕೈ ತೊಳೆದುಕೊಂಡರು. ಒಳಗೆ ಹೋದವರು ಚಹಾ ಕಳಿಸಿದರು.

ಮದುವೆಯ ದಿನ ಎರಡು ಕಾರಿನಲ್ಲಿ ಉಳ್ಳಾಲಕ್ಕೆ ಹೋದರು. ಹಿಂದಿನ ಕಾರಿನಲ್ಲಿ ನೋಣಯ್ಯ ಚಟ್ಟಿಯನ್ನು ಎರಡು ಕಾಲಿನ ನಡುವೆ ಭದ್ರವಾಗಿ ಹಿಡಿದುಕೊಂಡು ಕೂತಿದ್ದ. ಕಡಲಿಗೆ ಹತ್ತಿರದ ಹಂಚಿನ ಮನೆ, ಮುಂದೆ ಮರಳು ಬೆರೆತ ಅಂಗಳ. ಚಾವಡಿಯಲ್ಲಿ ಎರಡು ಮಣೆ. ಒಂದರಲ್ಲಿ ಹಸಿರು ಸೀರೆ, ಬಳೆ, ಕುಂಕುಮ. ಒಂದರಲ್ಲಿ ಬಿಳಿ ಮುಂಡು, ಶಾಲು. ಹಿರಿಯರೊಬ್ಬರು ಇಬ್ಬರ ಹೆಸರು ಹಿಡಿದು ಕರೆದರು. ಸೀರೆಗೂ ಮುಂಡಿಗೂ ಹೂವಿನ ಮಾಲೆ ಬದಲಾಯಿಸಿದರು. ನಗುವವರಿರಲಿಲ್ಲ, ಗಟ್ಟಿಯಾಗಿ ಅಳುವವರೂ ಇರಲಿಲ್ಲ. ಆಮೇಲೆ ಬಂದವರಿಗೆಲ್ಲ ಎಲೆ ಹಾಕಿ ಊಟ. ಮೊದಲ ಎರಡು ಎಲೆ ಮಣೆಗಳ ಮುಂದೆ.

ಊಟವಾದ ಮೇಲೆ ಹುಡುಗನ ತಾಯಿ ಹೊರಗೆ ಬಂದರು. ತೆಳ್ಳಗಿನ ಹೆಂಗಸು, ಕೈಯಲ್ಲಿ ಇನ್ನೂ ಬಡಿಸುವ ಸೌಟು. ಚಟ್ಟಿಯಲ್ಲಿ ನಿಂತ ನಾಲ್ಕು ಮೋಟು ಕೊಂಬುಗಳನ್ನು ಬಗ್ಗಿ ನೋಡಿದರು.

“ಇದು ಎಂತ ಗಿಡ ಅಕ್ಕ?”

“ನಿಮ್ಮ ಸೊಸೆಯದ್ದು,” ಎಂದರು ಗುಣವತಿಯಕ್ಕ.

ಹುಡುಗನ ತಾಯಿ ಸೌಟನ್ನು ಜಗಲಿಯಲ್ಲಿಟ್ಟು ಸೆರಗಿಗೆ ಕೈ ಒರೆಸಿಕೊಂಡರು. “ಎಲ್ಲಿ ಇಡುದು?”

ಗುಣವತಿಯಕ್ಕ ಆ ಅಂಗಳವನ್ನು ಒಂದು ಸುತ್ತು ನೋಡಿದರು. ಆಮೇಲೆ ನೋಣಯ್ಯನನ್ನು ನೋಡಿದರು. “ಆ ಗೋಡೆಯ ಬದಿಗೆ,” ಎಂದು ಅವರೇ ಹೇಳಿದರು. “ಬೆಳಗಿನ ಬಿಸಿಲು ಸಾಕು ಅದಕ್ಕೆ. ಉಪ್ಪುಗಾಳಿ ನೇರ ತಾಗ್ಬಾರದು. ಬೇರು ಬರುವವರೆಗೆ ಚಟ್ಟಿಯಲ್ಲೇ ಇರ್ಲಿ.”

“ಬೇರು ಬಂತಾ ಅಂತ ಗೊತ್ತಾಗುದು ಹೇಗೆ? ಎಳೆದು ನೋಡುದಾ?”

“ಎಳೀಬಾರ್ದು. ಹೊಸ ಎಲೆ ಬಂದ್ರೆ ಬಂತು ಅಂತ. ಒಂದು ಒಂದೂವರೆ ತಿಂಗಳು ಕಾಯ್ಬೇಕು.”

ಹುಡುಗನ ತಾಯಿ ಚಟ್ಟಿಯನ್ನು ಎತ್ತಿಕೊಂಡರು. ಎತ್ತಿಕೊಂಡು, ಕೆಳಗೆ ಇಡದೆ, ಹಾಗೆಯೇ ನಿಂತರು.

“ಬರದಿದ್ರೆ?”

“ಬರದಿದ್ರೆ ನಾನೇ ಇನ್ನೊಂದು ಮಾಡಿ ತರ್ತೇನೆ,” ಎಂದರು ಗುಣವತಿಯಕ್ಕ. “ಗಿಡ ಮನೆಯಲ್ಲೇ ಉಂಟು.”